ಹಾಡು ನಕಲು ಮಾಡಿದವನು ಗೂಂಡಾನೆ?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸು, ತುಟ್ಟಿಭತ್ಯ, ತೆರಿಗೆ ಇವುಗಳ ಮೇಲೆ ಭಾಷಣ ಕೇಳಿ ಅಭ್ಯಾಸವಾದವರು ನೀವು. ಇವನು ಈವತ್ತು ಹಾಡಿನ ಮೇಲೆ ಮಾತನಾಡಲು ಎದ್ದು ನಿಂತಿದ್ದಾನೆ ಎಂದರೆ ನಿಮಗೆ ನಗು ಬಂದೀತು. ದಯವಿಟ್ಟು ನಗಬೇಡಿ. ಹಾಡನ್ನು ನಕಲು ಮಾಡಿ ಮಾರುವವನನ್ನು ವಿಚಾರಣೆಯಿಲ್ಲದೆ ಒಂದು ವರ್ಷದ ತನಕ ಜೈಲಿನಲ್ಲಿಡುವ ಕಾನೂನು ನಮ್ಮ ಕರ್ನಾಟಕದಲ್ಲಿದೆ. ಕಾನೂನು ಇದೆಯೆಂದ ಮೇಲೆ ಅದು ಯಾರ ಮೇಲೆ ಬೀಳುತ್ತದೆ, ಯಾರನ್ನು ಕಾಯುತ್ತದೆ ಎಂಬುದನ್ನು ನಾವು ಕೇಳಲೇಬೇಕು.

ಮೊದಲು ನನ್ನದೇ ಒಂದು ಅನುಭವ ಹೇಳುತ್ತೇನೆ. ಸುಮಾರು 35 ವರ್ಷಗಳ ಹಿಂದಿನ ಮಾತು. ಗಿರಣಿಯ ಗೇಟಿನ ಎದುರಿಗೆ ಒಂದು ಅಂಗಡಿ ಇತ್ತು. ಆರಡಿ ಅಗಲ. ಒಳಗೆ ಎರಡು ಡೆಕ್ಕು, ಒಂದು ಸ್ಟೂಲು, ಗೋಡೆಯ ತುಂಬ ಕ್ಯಾಸೆಟ್ಟು. ಮೊದಲ ಪಾಳಿ ಮುಗಿಸಿದ ಹುಡುಗರು ಒಂದು ಖಾಲಿ ಕ್ಯಾಸೆಟ್ಟನ್ನೂ ಬೇಕಾದ ಹಾಡುಗಳ ಚೀಟಿಯನ್ನೂ ಕೊಟ್ಟು ಹೋಗುತ್ತಿದ್ದರು. ಮರುದಿನ ಸಂಜೆಗೆ ಹಾಡು ತುಂಬಿ ಸಿದ್ಧವಾಗಿರುತ್ತಿತ್ತು. ಕಂಪನಿಯ ಕ್ಯಾಸೆಟ್ಟು ಕೊಳ್ಳುವಷ್ಟು ಪಗಾರ ಇಲ್ಲದವರಿಗೆ ಅದೇ ಸಂಗೀತ ಸಭೆ.

ಒಂದು ಮಧ್ಯಾಹ್ನ ಜೀಪು ಬಂತು. ಡೆಕ್ಕು ಹೋದವು. ಕ್ಯಾಸೆಟ್ಟುಗಳನ್ನು ಗೋಣಿಚೀಲಕ್ಕೆ ಸುರಿದರು. ಅಂಗಡಿಯವನು ಆ ರಾತ್ರಿ ಲಾಕಪ್ಪಿನಲ್ಲಿ ಕಳೆದ. ಆ ಚೀಲದೊಳಗೆ ನನ್ನದೂ ಒಂದು ಕ್ಯಾಸೆಟ್ಟು ಇತ್ತು. ಅದು ಸಿನಿಮಾ ಹಾಡಲ್ಲ. ನಮ್ಮ ಅವ್ವ ಹೇಳಿದ ಬೀಸುವ ಪದ. ಊರಿನಲ್ಲಿರುವ ಅಕ್ಕನಿಗೊಂದು ಪ್ರತಿ ಮಾಡಿಸೋಣವೆಂದು ಕೊಟ್ಟಿದ್ದೆ. ಠಾಣೆಗೆ ಹೋಗಿ ಕೇಳಿದೆ. ಚೀಲದಲ್ಲಿರುವುದೆಲ್ಲ ಮುದ್ದೆಮಾಲು ಎಂದರು. ಮಹಜರಿನಲ್ಲಿ ಬರೆದದ್ದು ಇಷ್ಟೆ: ‘ನಕಲಿ ಕ್ಯಾಸೆಟ್ಟು, ಒಂದು ಚೀಲ’. ಮೂರು ಸಲ ಅಲೆದೆ. ನಾಲ್ಕನೆಯ ಸಲ ಹೋಗಲು ರಜ ಸಿಗಲಿಲ್ಲ. ಅವ್ವ ತೀರಿಕೊಂಡು ಈಗ ಬಹಳ ವರ್ಷವಾಯಿತು. ಆ ಪದ ಪೂರ್ತಿ ಬಲ್ಲವರು ನಮ್ಮ ಮನೆಯಲ್ಲಿ ಯಾರೂ ಉಳಿದಿಲ್ಲ.

ಆ ದಿನದಿಂದ ನನಗೊಂದು ಪ್ರಶ್ನೆ ಹತ್ತಿಕೊಂಡಿದೆ. ಈ ದಾಳಿಗಳು ಯಾರಿಗಾಗಿ ನಡೆಯುತ್ತವೆ? ಉತ್ತರ ಹುಡುಕುತ್ತ ಬೇರೆ ದೇಶಗಳ ಕಥೆಯನ್ನೂ ಓದಿಕೊಂಡೆ. ಅವುಗಳಲ್ಲಿ ಎರಡನ್ನು ನಿಮ್ಮ ಮುಂದೆ ಇಡುತ್ತೇನೆ. ಒಂದು ರಷ್ಯದ್ದು, ಒಂದು ಅಮೆರಿಕದ್ದು.

ಎಲುಬಿನ ಮೇಲಿನ ಹಾಡು

ಎರಡನೆಯ ಮಹಾಯುದ್ಧದಲ್ಲಿ ರಷ್ಯದ ಲೆನಿನ್‌ಗ್ರಾಡ್ ಪಟ್ಟಣವನ್ನು ಜರ್ಮನರು 872 ದಿನ ಮುತ್ತಿದ್ದರು. ಜನ ಹಸಿವಿನಿಂದ ಬೀದಿಯಲ್ಲಿ ಬಿದ್ದು ಸತ್ತರು. ಯುದ್ಧ ಮುಗಿದ ಮೇಲೆ ಬದುಕಿ ಉಳಿದವರಿಗೆ ಸ್ವಲ್ಪ ಹಾಡಬೇಕು, ಕುಣಿಯಬೇಕು ಅನ್ನಿಸಿದರೆ ಆಶ್ಚರ್ಯವೇನು? ಆದರೆ ಸರ್ಕಾರ ಅಮೆರಿಕದ ಜಾಜ್ ಬೇಡವೆಂದಿತು. ಟ್ಯಾಂಗೊ ಬೇಡ, ಫಾಕ್ಸ್‌ಟ್ರಾಟ್ ಬೇಡವೆಂದಿತು. ದೇಶ ಬಿಟ್ಟು ಹೋದ ರಷ್ಯನ್ ಗಾಯಕರ ಹಾಡೂ ಬೇಡವೆಂದಿತು. ಪ್ಯೋತ್ರ್ ಲೆಷ್ಚೆಂಕೊ ಎಂಬ ಗಾಯಕ ರುಮಾನಿಯದ ಬುಖಾರೆಸ್ಟಿನಲ್ಲಿ ನೆಲೆಸಿದ್ದ. ಅವನ ಹಾಡೆಂದರೆ ರಷ್ಯನ್ನರಿಗೆ ಪ್ರಾಣ. ಆದರೆ ಅವನ ಒಂದು ತಟ್ಟೆಯೂ ಸರ್ಕಾರಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಆ ಗಾಯಕನನ್ನು 1951ರಲ್ಲಿ ರುಮಾನಿಯದ ಸರ್ಕಾರವೇ ಹಿಡಿಯಿತು. 1954ರಲ್ಲಿ ಅವನು ಸೆರೆಯಲ್ಲಿಯೇ ಸತ್ತ.

ಲೆನಿನ್‌ಗ್ರಾಡಿನ ನೆವ್‌ಸ್ಕಿ ಬೀದಿಯಲ್ಲಿ ಸ್ತಾನಿಸ್ಲಾವ್ ಫಿಲೊ ಎಂಬಾತ ಒಂದು ಧ್ವನಿಮುದ್ರಣದ ಅಂಗಡಿ ಇಟ್ಟಿದ್ದ. ಜರ್ಮನಿಯ ಟೆಲಿಫುಂಕೆನ್ ಯಂತ್ರ. ಹಗಲು ಹೊತ್ತು, ಊರಿನಲ್ಲಿರುವ ತಾಯಿಗೆ ಮಗ ತನ್ನ ಮಾತನ್ನು ತಟ್ಟೆಯ ಮೇಲೆ ಕೊರೆಸಿ ಕಳಿಸಬಹುದು. ಅದು ಕಾನೂನುಬದ್ಧ ವ್ಯಾಪಾರ. ಬಾಗಿಲು ಹಾಕಿದ ಮೇಲೆ ಅದೇ ಯಂತ್ರದಲ್ಲಿ ಬೇಡದ ಹಾಡುಗಳ ಪ್ರತಿ ಕೊರೆಯುತ್ತಿದ್ದರು.

ಆ ಯಂತ್ರವನ್ನು ರುಸ್ಲಾನ್ ಬೊಗೊಸ್ಲೊವ್‌ಸ್ಕಿ ಎಂಬ ತರುಣ ಕಣ್ಣಿಟ್ಟು ನೋಡಿದ. ಅಳತೆ ತೆಗೆದುಕೊಂಡ. ತಾನೇ ಒಂದು ಯಂತ್ರ ಕಟ್ಟಿದ. ಫಿಟ್ಟರ್ ಖಾತೆಯಲ್ಲಿ ದುಡಿಯುವವರಿಗೆ ಈ ಕೆಲಸದ ಬೆಲೆ ನಾನು ಹೇಳಬೇಕಾಗಿಲ್ಲ. ಯಂತ್ರವೇನೋ ಆಯಿತು. ಹಾಡು ಕೊರೆಯುವುದಕ್ಕೆ ಹಾಳೆ ಎಲ್ಲಿಂದ ತರುವುದು? ಆಸ್ಪತ್ರೆಗಳಲ್ಲಿ ಹಳೆಯ ಎಕ್ಸ್‌ರೇ ಫಿಲ್ಮುಗಳು ರಾಶಿ ಬಿದ್ದಿದ್ದವು. ಬೆಂಕಿ ಹತ್ತುವ ಪದಾರ್ಥವಾದ್ದರಿಂದ ಅವು ತೊಲಗಿದರೆ ಸಾಕಾಗಿತ್ತು. ಅವನ್ನು ತಂದು, ಕತ್ತರಿಯಿಂದ ದುಂಡಗೆ ಕತ್ತರಿಸಿ, ನಡುವೆ ಸಿಗರೇಟಿನಿಂದ ತೂತು ಸುಟ್ಟು, ಅದರ ಮೇಲೆ ಹಾಡು ಕೊರೆದರು. ಒಂದೇ ಮಗ್ಗುಲು, ಒಂದೇ ಹಾಡು, ಮೂರು ನಿಮಿಷ. ಹತ್ತಾರು ಸಲ ನುಡಿಸಿದರೆ ಸವೆದುಹೋಗುತ್ತಿತ್ತು. ಬೆಳಕಿಗೆ ಹಿಡಿದರೆ ಯಾರದೋ ಪಕ್ಕೆಲುಬು, ಯಾರದೋ ತಲೆಬುರುಡೆ ಕಾಣುತ್ತಿತ್ತು. ಅದಕ್ಕೇ ಜನ ಅವನ್ನು ‘ಎಲುಬು’ ಎಂದೇ ಕರೆದರು.

ಬೊಗೊಸ್ಲೊವ್‌ಸ್ಕಿ ತನ್ನ ಗೆಳೆಯ ಬೊರಿಸ್ ತಾಯ್ಗಿನ್‌ನೊಡನೆ ಸೇರಿ ಈ ಗುಪ್ತ ಕಾರ್ಖಾನೆಗೆ ಒಂದು ಹೆಸರಿಟ್ಟ. ‘ಚಿನ್ನದ ನಾಯಿ’. ನಮ್ಮ ಅಜ್ಜಂದಿರ ಕಾಲದ ನಾಯಿ ಛಾಪಿನ ಪ್ಲೇಟು ನಿಮಗೆ ನೆನಪಿರಬೇಕು. ಒಡೆಯನ ಧ್ವನಿ ಕೇಳುತ್ತ ಕೂತ ನಾಯಿ. ಅದನ್ನೇ ಅಣಕಿಸಿ ಇಟ್ಟ ಹೆಸರು.

1950ರಲ್ಲಿ ಪೋಲೀಸರು ಲೆನಿನ್‌ಗ್ರಾಡಿನಲ್ಲಿ ಒಟ್ಟಿಗೆ ದಾಳಿ ಮಾಡಿದರು. ಕೊರೆಯುವವರು, ಮಾರುವವರು, ಹೊತ್ತು ತರುವವರು, ಸುಮಾರು 60 ಜನ ಸಿಕ್ಕಿಬಿದ್ದರು. ಬೊಗೊಸ್ಲೊವ್‌ಸ್ಕಿಗೆ ಮೂರು ವರ್ಷ, ತಾಯ್ಗಿನ್‌ಗೆ ಐದು ವರ್ಷ ಸಜೆ. 1953ರಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಹೊರಗೆ ಬಂದವರು ಮತ್ತೆ ಅದೇ ಕೆಲಸಕ್ಕೆ ಕೂತರು. ಬೊಗೊಸ್ಲೊವ್‌ಸ್ಕಿ ಒಟ್ಟು ಮೂರು ಸಲ ಜೈಲು ಕಂಡ. 1950ರ ದಶಕದ ಕೊನೆಗೆ ಪಕ್ಷದ ತರುಣ ದಳದವರೇ ‘ಸಂಗೀತದ ಗಸ್ತು’ ತಿರುಗತೊಡಗಿದರು.

ಮಿತ್ರರೆ, ಇಲ್ಲಿ ಒಂದು ಮಾತನ್ನು ಗಮನಿಸಿ. ಆಗ ಸೋವಿಯತ್ ದೇಶ ಅಂತರರಾಷ್ಟ್ರೀಯ ಕೃತಿಸ್ವಾಮ್ಯದ ಒಪ್ಪಂದಕ್ಕೆ ಸೇರಿಯೇ ಇರಲಿಲ್ಲ. ಸೇರಿದ್ದು 1973ರಲ್ಲಿ. ಆದ್ದರಿಂದ ಗಾಯಕನ ಹಕ್ಕು ಕಾಯುತ್ತೇವೆ ಎಂಬ ನೆಪವೂ ಅಲ್ಲಿ ಇರಲಿಲ್ಲ. ಜನ ಏನು ಕೇಳಬೇಕೆಂಬುದನ್ನು ತಾನೇ ಗೊತ್ತುಮಾಡಬೇಕೆಂಬ ಹಟ ಮಾತ್ರ ಇತ್ತು. ಕಾರ್ಮಿಕರ ಹೆಸರಿನಲ್ಲಿ ಆಳುವ ಸರ್ಕಾರ, ಕಾರ್ಮಿಕರ ಮಕ್ಕಳು ಸಂಜೆ ಕೇಳುವ ಹಾಡಿಗೆ ಹೆದರಿತು.

ಆ ಮಾರಾಟಗಾರರೆಲ್ಲ ಸತ್ಯವಂತರೆಂದು ನಾನು ಹೇಳುವುದಿಲ್ಲ. ಮನೆಗೆ ತಂದು ಹಚ್ಚಿದರೆ ಎರಡು ಕ್ಷಣ ಸಂಗೀತ, ಆಮೇಲೆ ಕೊಂಡವನಿಗೇ ಬೈಗುಳ, ಅಂಥ ‘ಎಲುಬು’ಗಳನ್ನೂ ಮಾರಿದವರಿದ್ದರು. ಕದ್ದು ಕೊಂಡವನು ಯಾರಿಗೆ ದೂರು ಕೊಡಬೇಕು? ಬಾಗಿಲು ಮುಚ್ಚಿದ ವ್ಯಾಪಾರದಲ್ಲಿ ಮೋಸಕ್ಕೆ ಅನುಕೂಲ ಹೆಚ್ಚು.

ಈ ದಂಧೆ ಕೊನೆಗೆ ನಿಂತದ್ದು ಹೇಗೆ? ಪೋಲೀಸರಿಂದ ನಿಲ್ಲಲಿಲ್ಲ. 1960ರ ದಶಕದಲ್ಲಿ ಸರ್ಕಾರದ ಕಾರ್ಖಾನೆಗಳೇ ಟೇಪ್ ರೆಕಾರ್ಡರು ತಯಾರಿಸಿ ಮಾರಿದವು. ಮನೆಮನೆಯಲ್ಲಿ ಜನ ಒಕುಜಾವ, ವಿಸೋತ್ಸ್ಕಿ ಇವರ ಹಾಡುಗಳನ್ನು ತಾವೇ ಮುದ್ರಿಸಿಕೊಂಡು ಒಬ್ಬರಿಂದೊಬ್ಬರಿಗೆ ದಾಟಿಸಿದರು. ಎಲುಬಿನ ಕೆಲಸ ತಾನಾಗಿ ಮುಗಿಯಿತು.

ಕಂಪನಿಯೇ ಅಚ್ಚು ಹಾಕಿದ ಕಳ್ಳಮಾಲು

ಇನ್ನು ಅಮೆರಿಕಕ್ಕೆ ಬನ್ನಿ. ಅಲ್ಲಿ ಹಾಡಿಗೆ ನಿಷೇಧವಿಲ್ಲ. ಅಲ್ಲಿ ಹಾಡು ಸೊತ್ತು.

1951ರಲ್ಲಿ ನ್ಯೂಯಾರ್ಕಿನಲ್ಲಿ ಡಾಂಟೆ ಬೊಲೆಟಿನೊ ಎಂಬ ಹುಡುಗ ಹಳೆಯ ಜಾಜ್ ತಟ್ಟೆಗಳನ್ನು ಮರುಮುದ್ರಿಸಿ ಮಾರುತ್ತಿದ್ದ. ದೊಡ್ಡ ಕಂಪನಿಗಳು ಅವನ್ನು ಕಪಾಟಿನಲ್ಲಿಟ್ಟು ಮರೆತಿದ್ದವು. ತನ್ನ ಛಾಪಿಗೆ ಅವನು ಕಡಲುಗಳ್ಳರ ಬಾವುಟದ ಹೆಸರನ್ನೇ ಇಟ್ಟಿದ್ದ, ‘ಜಾಲಿ ರೋಜರ್’. ಆ ತಟ್ಟೆಗಳನ್ನು ಅಚ್ಚು ಹಾಕಿಕೊಡುತ್ತಿದ್ದವರು ಯಾರು ಗೊತ್ತೆ? ಆರ್.ಸಿ.ಎ. ವಿಕ್ಟರ್ ಕಂಪನಿಯ ಕಾರ್ಖಾನೆ! ಹಣ ಕೊಟ್ಟವರ ಕೆಲಸ ಮಾಡಿಕೊಡುವ ಅದರ ವಿಭಾಗ, ತನ್ನದೇ ಕಂಪನಿಯ ಹಾಡುಗಳ ಕಳ್ಳಪ್ರತಿಯನ್ನು ತಾನೇ ಅಚ್ಚು ಹಾಕಿ ಬಿಲ್ಲು ವಸೂಲು ಮಾಡಿತ್ತು. ಒಂದು ಸಂಗೀತ ಪತ್ರಿಕೆ ಇದನ್ನು ಬಯಲಿಗೆಳೆದಾಗ ಎಲ್ಲರೂ ನಕ್ಕರು. 1952ರಲ್ಲಿ ಕೊಲಂಬಿಯ ಕಂಪನಿ ಮತ್ತು ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ದಾವೆ ಹೂಡಿದರು. ಹುಡುಗ ಅಂಗಡಿ ಮುಚ್ಚಿದ. ಆಗ ಮಾತ್ರ ಕಂಪನಿಗಳಿಗೆ ತಮ್ಮ ಕಪಾಟಿನಲ್ಲಿ ಏನಿದೆಯೆಂದು ನೆನಪಾಯಿತು.

1969ರ ಬೇಸಗೆಯಲ್ಲಿ ಲಾಸ್ ಏಂಜಲಿಸಿನಲ್ಲಿ ಹೆಸರಿಲ್ಲದ ಬಿಳಿಯ ಲಕ್ಕೋಟೆಯಲ್ಲಿ ಎರಡು ತಟ್ಟೆಗಳ ಒಂದು ಆಲ್ಬಮ್ ಮಾರಾಟಕ್ಕೆ ಬಂತು. ಬಾಬ್ ಡಿಲನ್ ಹಾಡಿ ಪ್ರಕಟಿಸದೆ ಬಿಟ್ಟ ಹಾಡುಗಳು ಅದರಲ್ಲಿದ್ದವು. ‘ಗ್ರೇಟ್ ವೈಟ್ ವಂಡರ್’ ಎಂದು ಅದಕ್ಕೆ ಹೆಸರಾಯಿತು. ಅಲ್ಲಿಂದ ಇಂಥ ತಟ್ಟೆಗಳ ಸುಗ್ಗಿಯೇ ಆರಂಭವಾಯಿತು. 1971ರಲ್ಲಿ ಅಮೆರಿಕದ ಸರ್ಕಾರ ಧ್ವನಿಮುದ್ರಣಕ್ಕೆ ಕೃತಿಸ್ವಾಮ್ಯ ಕೊಟ್ಟು ಕಾನೂನು ಮಾಡಿತು. 1972ರ ಫೆಬ್ರವರಿ 15ರಿಂದ ಅದು ಜಾರಿಗೆ ಬಂತು. ಕೇಂದ್ರ ಪೋಲೀಸರು, ಅಂದರೆ ಎಫ್.ಬಿ.ಐ., ಗೋದಾಮುಗಳ ಬಾಗಿಲು ತಟ್ಟತೊಡಗಿದರು.

ಹೀಗೆ ಸಿಕ್ಕಿಬಿದ್ದವರಲ್ಲಿ ಡೌಲಿಂಗ್ ಎಂಬವನೊಬ್ಬ. ಎಲ್ವಿಸ್ ಪ್ರೀಸ್ಲಿಯ ಹಾಡುಗಳ ಹುಚ್ಚು ಸಂಗ್ರಾಹಕ. ಕಂಪನಿ ಬಿಡುಗಡೆ ಮಾಡದ ಹಾಡುಗಳನ್ನು ಸಿನಿಮಾದಿಂದ, ಕಚೇರಿಗಳಿಂದ, ಟೆಲಿವಿಷನ್ನಿನಿಂದ ಕೂಡಿಸಿ ತಟ್ಟೆ ಮಾಡಿಸಿ ಅಂಚೆಯಲ್ಲಿ ಮಾರಿದ. ಸರ್ಕಾರ ಅವನ ಮೇಲೆ ಕೃತಿಸ್ವಾಮ್ಯದ ಮೊಕದ್ದಮೆಯನ್ನಷ್ಟೇ ಹೂಡಲಿಲ್ಲ. ಕದ್ದ ಮಾಲನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿದನೆಂಬ ಇನ್ನೂ ಭಾರಿ ಆಪಾದನೆಯನ್ನೂ ಹೊರಿಸಿತು. ಮೊಕದ್ದಮೆ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 1985ರಲ್ಲಿ ಆರು ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆ ನಿಂತು ತೀರ್ಪು ಬಂತು. ಅಪ್ಪಣೆಯಿಲ್ಲದೆ ಮಾಡಿದ ಪ್ರತಿ ‘ಕದ್ದ ಮಾಲು’ ಅಲ್ಲ ಎಂದಿತು ಕೋರ್ಟು. ನಕಲು ಮಾಡಿದವನು ಒಡೆಯನ ಹಕ್ಕನ್ನು ಮೀರಿದ್ದಾನೆ ನಿಜ, ಆದರೆ ಒಡೆಯನ ವಸ್ತು ಒಡೆಯನ ಬಳಿಯೇ ಇದೆ. ಎತ್ತನ್ನು ಹೊಡೆದುಕೊಂಡು ಹೋದ ಹಾಗಲ್ಲ ಇದು, ಎಂಬುದು ಅದರ ಸಾರ. ಎತ್ತಿನ ಹೋಲಿಕೆ ನನ್ನದು. ಡೌಲಿಂಗ್ ಪೂರ್ತಿ ಬಿಡುಗಡೆಯಾಗಲಿಲ್ಲ. ಕೃತಿಸ್ವಾಮ್ಯ ಮೀರಿದ ತಪ್ಪು ತಪ್ಪಾಗಿಯೇ ಉಳಿಯಿತು. ಮಾಡಿದ ತಪ್ಪಿಗೆ ಅದರದೇ ಕಾನೂನಿನಲ್ಲಿ ಶಿಕ್ಷೆ ಕೊಡಿ, ಬೇರೆ ಅಪರಾಧದ ಹೆಸರು ಅಂಟಿಸಬೇಡಿ ಎಂದು ಕೋರ್ಟು ಹೇಳಿದ ಹಾಗಾಯಿತು.

ಆಮೇಲೇನಾಯಿತು? ಡಿಲನ್ನನ ಕಂಪನಿ 1991ರಲ್ಲಿ ಅವನ ಹಳೆಯ ಅಪ್ರಕಟಿತ ಹಾಡುಗಳನ್ನು ತಾನೇ ಪ್ರಕಟಿಸಿತು. ಆ ಮಾಲೆಗೆ ಇಟ್ಟ ಹೆಸರೇ ‘ಬೂಟ್‌ಲೆಗ್ ಸೀರೀಸ್’, ಅಂದರೆ ಕಳ್ಳಪ್ರತಿಗಳ ಮಾಲೆ. ನಿನ್ನೆ ಜೈಲಿಗೆ ದಾರಿಯಾಗಿದ್ದ ಹೆಸರು ಇವತ್ತು ಕಂಪನಿಗೆ ಜಾಹೀರಾತು! ಗ್ರೇಟ್‌ಫುಲ್ ಡೆಡ್ ಎಂಬ ಹಾಡುಗಾರರ ಮೇಳವಂತೂ 1984ರಿಂದ ತಮ್ಮ ಕಚೇರಿಗಳಲ್ಲಿ ಟೇಪ್ ಮಾಡಿಕೊಳ್ಳುವವರಿಗೆಂದೇ ಬೇರೆ ಜಾಗ ಗೊತ್ತುಮಾಡಿಕೊಟ್ಟಿತು. ಮುದ್ರಿಸಿಕೊಳ್ಳಿ, ಹಂಚಿಕೊಳ್ಳಿ, ಮಾರಬೇಡಿ ಎಂದಿತು. ಜನ ಬಹುಮಟ್ಟಿಗೆ ಆ ಮಾತು ನಡೆಸಿಕೊಟ್ಟರು. ಮೇಳಕ್ಕೆ ನಷ್ಟವಾಗಲಿಲ್ಲ, ಕಚೇರಿಗೆ ಬರುವ ಜನ ಹೆಚ್ಚಿದರು.

ಸಂಗ್ರಾಹಕನ ಋಣ

ಸಂಗ್ರಾಹಕನೆಂದರೆ ಪೋಲೀಸರ ಕಣ್ಣಿಗೆ ಕಳ್ಳಮಾಲು ಕೂಡಿಟ್ಟವನು. ಆದರೆ 1901ರಿಂದ 1903ರ ತನಕ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದ ಗ್ರಂಥಪಾಲ ಲಯೊನೆಲ್ ಮೇಪಲ್ಸನ್ ನಾಟಕ ನಡೆಯುತ್ತಿರುವಾಗಲೇ ಮೇಣದ ಸಿಲಿಂಡರಿನ ಮೇಲೆ ಹಾಡು ಹಿಡಿದಿಟ್ಟ. ಜಾನ್ ದ ರೆಸ್ಕೆ ಎಂಬ ಆ ಕಾಲದ ಮಹಾಗಾಯಕನ ಧ್ವನಿ ಇಂದು ಉಳಿದಿರುವುದು ಆ ಮೇಣದಲ್ಲಿ ಮಾತ್ರ.

ನಮ್ಮಲ್ಲಿಯೂ ಹಾಗೆಯೇ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ನಾಯಿ ಛಾಪಿನ ತಟ್ಟೆಗಳಿಗೆ ಹಾಡಿದರು. ಅಂಥ ಹಳೆಯ ತಟ್ಟೆಗಳನ್ನು ಸಂತೆಯಲ್ಲಿ, ಗುಜರಿಯಲ್ಲಿ ಹುಡುಕಿ, ಒರೆಸಿ, ಪ್ರತಿ ತೆಗೆದು ಮುಂದಿನವರಿಗೆ ಕೇಳಿಸಿದವರಲ್ಲಿ ಹೆಚ್ಚಿನವರು ಶಾಲೆಯ ಮೇಷ್ಟರು, ಬ್ಯಾಂಕಿನ ಗುಮಾಸ್ತರು, ರೇಡಿಯೊ ರಿಪೇರಿಯವರು. ಅವರಿಗೆ ಕಂಪನಿಯಾಗಲಿ ಸರ್ಕಾರವಾಗಲಿ ಪಗಾರ ಕೊಟ್ಟಿರಲಿಲ್ಲ.

ನಮ್ಮ ಕಾನೂನು ಏನು ಹೇಳುತ್ತದೆ

ನಮ್ಮ ಕೃತಿಸ್ವಾಮ್ಯದ ಕಾನೂನು 1957ರದು. ಧ್ವನಿಮುದ್ರಣಕ್ಕೆ ಆಗ 50 ವರ್ಷದ ಹಕ್ಕಿತ್ತು. 1992ರ ತಿದ್ದುಪಡಿ ಅದನ್ನು 60 ಮಾಡಿತು. ಕ್ಯಾಸೆಟ್ಟಿನ ಕಾಲ ಬಂದಾಗ, 1984ರಲ್ಲಿ, ಶಿಕ್ಷೆಯನ್ನು ಬಿಗಿ ಮಾಡಿದರು: ಆರು ತಿಂಗಳಿಂದ ಮೂರು ವರ್ಷ ಸಜೆ, 50,000 ರೂಪಾಯಿಯಿಂದ ಎರಡು ಲಕ್ಷ ದಂಡ. ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಅಧಿಕಾರಿ ವಾರಂಟಿಲ್ಲದೆ ನಕಲು ಪ್ರತಿಗಳನ್ನೂ ಅವನ್ನು ಮಾಡುವ ಸಲಕರಣೆಗಳನ್ನೂ ಜಪ್ತಿ ಮಾಡಬಹುದು. 2022ರ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟು ಇದು ಜಾಮೀನು ಹಕ್ಕಾಗಿ ಸಿಗದ ಅಪರಾಧವೆಂದೂ ಹೇಳಿದೆ.

ಅದೇ ಕಾನೂನಿನಲ್ಲಿ ನಮ್ಮ ಪರವಾಗಿಯೂ ಕೆಲವು ಮಾತುಗಳಿವೆ. ಪೇಟೆಯ ಅಣ್ಣಂದಿರು ಕಿವಿಗೊಟ್ಟು ಕೇಳಬೇಕು. ಸ್ವಂತದ, ಖಾಸಗಿ ಉಪಯೋಗಕ್ಕೆ ನ್ಯಾಯವಾದ ಮಿತಿಯಲ್ಲಿ ಬಳಸಿದರೆ ಅದು ಅಪರಾಧವಲ್ಲ. ವ್ಯಾಪಾರದ ಲಾಭಕ್ಕಲ್ಲದೆ ನಡೆದ ತಪ್ಪಿಗೆ ಕಡಿಮೆ ಶಿಕ್ಷೆ ಕೊಡಲು ನ್ಯಾಯಾಧೀಶರಿಗೆ ಅಧಿಕಾರವಿದೆ. ಜಪ್ತಿಯಾದ ಪ್ರತಿಗಳನ್ನು ಆದಷ್ಟು ಬೇಗ ಮ್ಯಾಜಿಸ್ಟ್ರೇಟರ ಮುಂದೆ ಇಡತಕ್ಕದ್ದು. ಅದರಲ್ಲಿ ತನ್ನ ವಸ್ತು ಸೇರಿದೆಯೆಂದು ಹೇಳುವ ಯಾರೇ ಆಗಲಿ 15 ದಿನದೊಳಗೆ ಅರ್ಜಿ ಹಾಕಿ ಹಿಂದಕ್ಕೆ ಕೇಳಬಹುದು. ಈ 15 ದಿನದ ವಿಷಯ ನನಗೆ ಆಗ ಗೊತ್ತಿದ್ದರೆ ಠಾಣೆಯ ಬಾಗಿಲಲ್ಲಿ ನಿಂತು ಹಿಂದಿರುಗುತ್ತಿರಲಿಲ್ಲ, ಕೋರ್ಟಿಗೆ ಹೋಗುತ್ತಿದ್ದೆ. ಯಾರೂ ಹೇಳಲಿಲ್ಲ. ಅದಕ್ಕೇ ಇವತ್ತು ನಿಮಗೆ ಹೇಳುತ್ತಿದ್ದೇನೆ.

ಇನ್ನು ಗೂಂಡಾ ಕಾನೂನಿನ ಮಾತು. ಇಂಗ್ಲಿಷಿನಲ್ಲಿ ಕಳ್ಳಸಾರಾಯಿ ಮಾರುವವನಿಗೂ ಕಳ್ಳಹಾಡು ಮಾರುವವನಿಗೂ ಒಂದೇ ಹೆಸರು: ಬೂಟ್‌ಲೆಗರ್. ಬೂಟಿನ ಕಾಲಿನೊಳಗೆ ಸೀಸೆ ಬಚ್ಚಿಟ್ಟು ಸಾಗಿಸುತ್ತಿದ್ದವರಿಂದ ಬಂದ ಮಾತು ಅದು. ನಮ್ಮ ಸರ್ಕಾರ ಇಬ್ಬರನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟಿದೆ. 1985ರ ಕರ್ನಾಟಕದ ಕಾನೂನಿನಲ್ಲಿ ಕಳ್ಳಸಾರಾಯಿಯವರು, ಜೂಜುಕೋರರು, ಗೂಂಡಾಗಳು ಮೊದಲಾದವರು ಇದ್ದರು. 2014ರಲ್ಲಿ ಅದನ್ನು ತಿದ್ದಿ, ಆ್ಯಸಿಡ್ ಎರಚುವವರು, ಹೆಂಗಸರ ಮೇಲೆ ಅತ್ಯಾಚಾರ ಎಸಗುವವರು, ಇವರ ಸಾಲಿನಲ್ಲಿಯೇ ವಿಡಿಯೊ ಮತ್ತು ಆಡಿಯೊ ನಕಲು ಮಾಡಿ ಲಾಭ ಹೊಡೆಯುವವರನ್ನೂ ಸೇರಿಸಿದರು. ತಮಿಳುನಾಡು ಅದಕ್ಕೂ ಹತ್ತು ವರ್ಷ ಮೊದಲೇ ವಿಡಿಯೊ ನಕಲುಗಾರರನ್ನು ಇಂಥ ಕಾನೂನಿಗೆ ಸೇರಿಸಿತ್ತು.

ಈ ಕಾನೂನಿನಲ್ಲಿ ಮೊದಲು ಬಂಧನ. ಸಾಕ್ಷಿ, ಪಾಟೀಸವಾಲು, ತೀರ್ಪು, ಇವು ಯಾವುವೂ ಇಲ್ಲ. ಸಲಹಾ ಮಂಡಲಿಯ ಮುಂದೆ ವಕೀಲರನ್ನು ನಿಲ್ಲಿಸುವ ಹಕ್ಕಿಲ್ಲ. ಒಂದು ವರ್ಷದ ತನಕ ಒಳಗೆ ಇಡಬಹುದು. ಕೃತಿಸ್ವಾಮ್ಯದ ಕಾನೂನಿನಲ್ಲಿಯೇ ಮೂರು ವರ್ಷದ ಸಜೆ ಇರುವಾಗ ಇದು ಏಕೆ ಬೇಕಾಯಿತು? ಮೊಕದ್ದಮೆ ನಡೆಸಿ ಗೆಲ್ಲುವ ಶ್ರಮ ಬೇಡವೆಂದು. ಸಂಪು ಹೂಡಿ ಜೈಲು ಕಂಡ ನಮಗೆ ಮುಂಜಾಗ್ರತೆಯ ಬಂಧನವೆಂದರೆ ಏನೆಂದು ಹೊಸದಾಗಿ ಕಲಿಸಬೇಕಾಗಿಲ್ಲ. ಇವತ್ತು ಹಾಡಿನ ನೆಪದಲ್ಲಿ ಒಪ್ಪಿಕೊಂಡ ಬೀಗ ನಾಳೆ ನಮ್ಮ ಬಾಗಿಲಿಗೇ ಬೀಳುತ್ತದೆ.

ಹಾಡಿದವರಿಗೆ ಏನು ಸಿಗುತ್ತದೆ

ಕೊನೆಗೆ ಕಷ್ಟದ ಪ್ರಶ್ನೆಗೆ ಬರುತ್ತೇನೆ. ನಕಲು ಮಾಡುವವನು ಬಡವನಾದರೂ, ಅವನು ಮಾರುವ ಪ್ರತಿಯಿಂದ ಕವಿಗೆ, ಗಾಯಕನಿಗೆ, ಪಕ್ಕವಾದ್ಯದವನಿಗೆ ಒಂದು ಕಾಸೂ ಹೋಗುವುದಿಲ್ಲ. ಇದು ಅನ್ಯಾಯ. ಹಾಡುವುದೂ ದುಡಿಮೆಯೇ. ಬೇರೆಯವನ ದುಡಿಮೆಯ ಫಲ ಉಂಡು ನಾನು ಬಡವ ಎಂದರೆ ಮುಗಿಯಲಿಲ್ಲ. ಸಾವಿರಾರು ಪ್ರತಿ ಅಚ್ಚು ಹಾಕಿ, ಸುಳ್ಳು ಲೇಬಲ್ಲು ಅಂಟಿಸಿ, ಲಾರಿಯಲ್ಲಿ ಸಾಗಿಸುವವನು ನಮ್ಮವನಲ್ಲ. ಅವನ ಮೇಲೆ ಮೊಕದ್ದಮೆ ನಡೆಯಲಿ, ಶಿಕ್ಷೆಯಾಗಲಿ.

ಆದರೆ ಕಂಪನಿಗಳನ್ನೂ ಕೇಳೋಣ. ನಮ್ಮ ದೇಶದಲ್ಲಿ ಹಾಡು ಬರೆದವರೂ ರಾಗ ಹಾಕಿದವರೂ ಒಂದು ಸಲ ಹಣ ಪಡೆದು ಎಲ್ಲ ಹಕ್ಕನ್ನೂ ಬರೆದುಕೊಡುವ ಪದ್ಧತಿ ಬಹಳ ಕಾಲ ನಡೆಯಿತು. ಸಹಿ ಹಾಕಿದ ಮೇಲೂ ಕಸಿಯಲಾಗದ ಪಾಲು ಅವರಿಗೆ ಉಂಟೆಂದು ಪಾರ್ಲಿಮೆಂಟು ಹೇಳಿದ್ದು 2012ರಲ್ಲಿ. ಉರ್ದು ಕವಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ನಿಂತು ಅದಕ್ಕಾಗಿ ಹೋರಾಡಿದರು. ಗಾಯಕನ ಹೆಸರಿನಲ್ಲಿ 1984ರಿಂದ ದಾಳಿ; ಗಾಯಕ, ಕವಿಗಳಿಗೆ ಪಾಲಿನ ಭರವಸೆ 28 ವರ್ಷದ ಮೇಲೆ. ಈ ಲೆಕ್ಕವನ್ನು ನೀವೇ ತೂಗಿ ನೋಡಿ.

ಆದ್ದರಿಂದ ಈ ಸಭೆಯ ಮುಂದೆ ನಾಲ್ಕು ಮಾತು ಇಡುತ್ತೇನೆ. ಒಂದು: ಗೂಂಡಾ ಕಾನೂನಿನಿಂದ ಹಾಡಿನ ನಕಲನ್ನು ತೆಗೆಯಬೇಕು, ತಪ್ಪು ಮಾಡಿದವನಿಗೆ ಕೋರ್ಟಿನಲ್ಲಿ ಶಿಕ್ಷೆಯಾಗಲಿ. ಎರಡು: ದಾಳಿಯಾದರೆ ಒಂದೊಂದು ಕ್ಯಾಸೆಟ್ಟು, ಒಂದೊಂದು ತಟ್ಟೆಯ ಹೆಸರನ್ನೂ ಮಹಜರಿನಲ್ಲಿ ಬರೆಯಬೇಕು, ‘ಒಂದು ಚೀಲ’ ಎಂದು ಬರೆಯಕೂಡದು. ಮೂರು: ಕಂಪನಿ ತಾನು ಮಾರದೆ ಕೂಡಿಟ್ಟ ಹಳೆಯ ಹಾಡನ್ನು, ಹಾಡಿದವರಿಗೂ ಬರೆದವರಿಗೂ ಪಾಲು ಕಟ್ಟಿ, ಬೇರೆಯವರು ಹೊರತರಲು ದಾರಿ ಇರಬೇಕು. ನಾಲ್ಕನೆಯದು ನಮಗೇ ಹೇಳಿಕೊಳ್ಳುವುದು: ಬದುಕಿರುವ ಕಲಾವಿದನ ಹಾಡನ್ನು ಕೊಳ್ಳುವ ಶಕ್ತಿಯಿದ್ದಾಗ ಕೊಂಡೇ ಕೇಳೋಣ.

ಇನ್ನೊಂದು ಮಾತು ಹೇಳಿ ಕೂಡುತ್ತೇನೆ. ನಿಮ್ಮ ಮನೆಯಲ್ಲಿ ಅಜ್ಜಿಯೋ ಅವ್ವನೋ ಬೀಸುವ ಪದ, ಸೋಬಾನೆ, ಲಾವಣಿ ಬಲ್ಲವರಿದ್ದರೆ ಈ ವಾರವೇ ಮುದ್ರಿಸಿಕೊಳ್ಳಿ. ಈಗ ಜೇಬಿನ ಫೋನಿನಲ್ಲಿಯೇ ಆಗುತ್ತದೆ. ಎರಡು ಪ್ರತಿ ಮಾಡಿ, ಎರಡನ್ನೂ ಬೇರೆ ಬೇರೆ ಮನೆಯಲ್ಲಿ ಇಡಿ. ನಾನು ಒಂದೇ ಪ್ರತಿ ಇಟ್ಟಿದ್ದೆ.